ಬೀರುವಿನ ಹಿಂದಿನ ಸಾಹುಕಾರ

ನನ್ನ ಹತ್ತಿರ ಒಂದು ಸೀರೆ ಇದೆ. ಎಲೆಹಸಿರು ಬಣ್ಣ, ಕೆಂಪು ಅಂಚು, ಮೈತುಂಬ ಬೆಕ್ಕಿನ ಕೂದಲು. ಕೊಡವಿ ನೋಡಿದ್ದೇನೆ, ಒಗೆದು ನೋಡಿದ್ದೇನೆ, ಒದ್ದೆ ಕೈಯಲ್ಲಿ ಸವರಿ ನೋಡಿದ್ದೇನೆ. ಮಗಳು ಎಲ್ಲಿಂದಲೋ ಅಂಟಿನ ಪಟ್ಟಿ ತಂದು ಒತ್ತಿ ಒತ್ತಿ ಕಿತ್ತಳು. ಎಷ್ಟು ಹೋದರೂ ಇನ್ನಷ್ಟು ಉಳಿದೇ ಇರುತ್ತದೆ. ನಮ್ಮ ಬೀದಿಯ ಕೊನೆಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವವನು ಈ ಸೀರೆ ಕಂಡರೆ ಮುಖ ಸಣ್ಣದು ಮಾಡುತ್ತಾನೆ. ಡ್ರೈ ಕ್ಲೀನಿಂಗಿಗೆ ಕೊಡಿ, ಇಲ್ಲದಿದ್ದರೆ ಮನೆಯಲ್ಲಷ್ಟೇ ಉಟ್ಟುಕೊಳ್ಳಿ ಎಂದು ಅವನ ಸಲಹೆ. ನಾನು ಎರಡನ್ನೂ ಮಾಡುವುದಿಲ್ಲ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ ಅದನ್ನೇ ಉಡುತ್ತೇನೆ. ಮೊನ್ನೆ ಯಲಹಂಕದ ಒಂದು ಛತ್ರದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿಂದಿದ್ದ ಹೆಂಗಸೊಬ್ಬರು ನನ್ನ ಭುಜದಿಂದ ಒಂದು ಕೂದಲು ಹೆಕ್ಕಿ ತೆಗೆದು, ಉಪಕಾರ ಮಾಡಿದವರ ಹಾಗೆ ಕಣ್ಣಮುಂದೆ ಹಿಡಿದರು.

"ಎಲ್ಲಿತ್ತೋ ಅಲ್ಲೇ ಇಟ್ಬಿಡಿ," ಎಂದೆ.

ಪಾಪ, ಅವರು ಇಟ್ಟೂ ಇಟ್ಟರು.

ನನ್ನದು ಹಠದ ಸ್ವಭಾವ ಎಂದು ನಮ್ಮವರು ಹೇಳುತ್ತಾರೆ. ಇಲ್ಲ ಎಂದು ವಾದಿಸಲು ಹೋದರೆ ಅದೂ ಹಠವೇ ಆಗುತ್ತದೆ, ಆದ್ದರಿಂದ ಸುಮ್ಮನಿರುತ್ತೇನೆ. ಆದರೆ ಈ ಸೀರೆಯ ವಿಷಯದಲ್ಲಿ ಮಾತ್ರ ಸುಮ್ಮನಿರಲಾರೆ. ಇದನ್ನು ನಾನು ಅಂಗಡಿಯಲ್ಲಿ ಆರಿಸಿ ತಂದಿಲ್ಲ. ಗೆದ್ದು ತಂದಿದ್ದೇನೆ.

ನಮ್ಮ ಮನೆ ಇರುವುದು ಶೆಟ್ಟಿಹಳ್ಳಿಯಲ್ಲಿ. ಈಗ ಇಲ್ಲಿಗೆ ಬಾಡಿಗೆಗೆ ಬರುವವರು ಇದನ್ನು ಬಡಾವಣೆ ಎಂದುಕೊಂಡಿದ್ದಾರೆ. ನಮ್ಮ ಯಜಮಾನರ ಮನೆತನದವರಿಗೆ ಇದು ಇನ್ನೂ ಊರೇ. ಹೊಲ ಇದ್ದ ಕಡೆ ಕಟ್ಟಡಗಳು ಎದ್ದಿವೆ, ಅವುಗಳಲ್ಲಿ ಕೆಲವನ್ನು ಎಬ್ಬಿಸಿದವರು ನಮ್ಮ ಭಾವ, ಎಂದರೆ ಯಜಮಾನರ ಅಣ್ಣ. ಪಾಲಾದಾಗ ಅವರಿಗೆ ಬಯಲು ಬಂತು, ನಮಗೆ ಹಳೆಯ ಮನೆ ಬಂತು. ಮುಂದಿನ ಭಾಗವನ್ನು ಕೆಡವಿ ನಾವೂ ಹೊಸದಾಗಿ ಕಟ್ಟಿಕೊಂಡೆವು. ಹಿಂದಿನ ನಡುಮನೆಯನ್ನು ಮಾತ್ರ ಮುಟ್ಟಲು ಅತ್ತೆ ಬಿಡಲಿಲ್ಲ. ಕೆಂಪು ಗಾರೆಯ ನೆಲ, ತಗ್ಗು ಬಾಗಿಲು, ಮೂಲೆಗೆ ಅಡ್ಡವಾಗಿ ನಿಂತ ಒಂದು ದೊಡ್ಡ ಕಬ್ಬಿಣದ ಬೀರು. ಬೀರು ಅತ್ತೆಯ ಮದುವೆಯಲ್ಲಿ ಬಂದದ್ದಂತೆ. ಅದನ್ನು ಇಟ್ಟ ಜಾಗದಿಂದ ಯಾರೂ ಅಲ್ಲಾಡಿಸಿದ್ದು ನನಗೆ ನೆನಪಿಲ್ಲ.

ನಮ್ಮ ಬೆಕ್ಕಿಗೆ ಸಾಹುಕಾರ ಎಂದು ಹೆಸರಿಟ್ಟವರೂ ಅತ್ತೆಯೇ. ಕಂದು ಮತ್ತು ಬಿಳಿ ಬಣ್ಣದ ಗಂಡು ಬೆಕ್ಕು. ಕೆಲಸ ಮಾಡದೆ ಉಣ್ಣುವುದು, ಬಿಸಿಲು ಸರಿದಂತೆಲ್ಲ ತಾನೂ ಸರಿದು ಮಲಗುವುದು, ಯಾರಾದರೂ ಕರೆದರೆ ತಿರುಗಿಯೂ ನೋಡದಿರುವುದು, ಇದೆಲ್ಲ ನೋಡಿಯೇ ಆ ಹೆಸರು. ಅತ್ತೆಗೆ ಬೆಕ್ಕು ಕಂಡರೆ ಆಗದು ಎಂದು ಊರಿಗೆಲ್ಲ ಗೊತ್ತಿತ್ತು. ಬೆಕ್ಕಿಗೆ ಮಾತ್ರ ಗೊತ್ತಿರಲಿಲ್ಲ. ಒಗೆದು ಮಡಚಿಟ್ಟ ಬಟ್ಟೆಯಲ್ಲಿ ನನ್ನದನ್ನೂ ಮಗಳದನ್ನೂ ಬಿಟ್ಟು ಹುಡುಕಿ ಹುಡುಕಿ ಅತ್ತೆಯ ಸೀರೆಯ ಮೇಲೇ ಹೋಗಿ ಮಲಗುತ್ತಿದ್ದ. ಅತ್ತೆ ಬೈಯುತ್ತ ಸೀರೆಯನ್ನು ಎಳೆಯುತ್ತಿದ್ದರು, ಅವನು ಸೀರೆಯ ಜೊತೆಗೇ ಜಾರಿಕೊಂಡು ಬರುತ್ತಿದ್ದ. ಕೊನೆಗೆ ಅತ್ತೆಯೇ ಸೋತು ಬೇರೆ ಸೀರೆ ಉಡುತ್ತಿದ್ದರು. ಅತ್ತೆ ಹೋದ ಮೇಲೆ ಮಡಚಿಟ್ಟ ಬಟ್ಟೆಯ ಗುಡ್ಡೆಯನ್ನು ಅವನು ಒಂದಷ್ಟು ಕಾಲ ಮೂಸಿ ನೋಡುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ.

ಇಂಥ ಸಾಹುಕಾರನ ಎದೆ ಒಡೆದದ್ದು ಬೋರ್‌ವೆಲ್ ಗಾಡಿಗೆ. ಭಾವ ನಮ್ಮ ಪಕ್ಕದ ಸೈಟಿನಲ್ಲಿ ಮತ್ತೊಂದು ಕಟ್ಟಡಕ್ಕೆ ಕೈ ಹಾಕಿದ್ದರು. ಮೊದಲು ನೀರು ನೋಡಬೇಕಲ್ಲ. ಒಂದು ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಆ ಗಾಡಿ ಶುರುವಾಯಿತು. ಕಾವಲಿ ಕುಣಿಯಿತು, ಕಿಟಕಿ ಗಾಜು ಅದುರಿತು, ಒಣಗಲು ಹಾಕಿದ ಬಟ್ಟೆಯ ಮೇಲೆಲ್ಲ ಬೂದುಬಣ್ಣದ ಕೆಸರು ಹಾರಿ ಕೂತಿತು. ಕಾಂಪೌಂಡಿನ ಮೇಲೆ ಬಿಸಿಲು ಕಾಯಿಸುತ್ತಿದ್ದ ಸಾಹುಕಾರ ನನ್ನ ಕಾಲ ನಡುವೆಯೇ ನುಗ್ಗಿ ನಡುಮನೆಗೆ ಓಡಿ ಬೀರುವಿನ ಹಿಂದೆ ಸೇರಿಕೊಂಡ. ಮೂಲೆಗೆ ಅಡ್ಡಲಾಗಿ ನಿಂತ ಬೀರು ನೋಡಿ, ಹಿಂದೆ ಮುಕ್ಕೋಣದ ಒಂದು ಸಂದು ಇದೆ, ಹಳೆಯ ಚಾಪೆ, ಗೋಣಿಚೀಲ ಎಲ್ಲ ಅಲ್ಲಿ ತುರುಕಿದ್ದೇವೆ. ಟಾರ್ಚ್ ಹಾಕಿ ನೋಡಿದರೆ ಗೋಣಿಯ ಮೇಲೆ ಎರಡು ಕಣ್ಣು. ಮೈಯೆಲ್ಲ ನಡುಗುತ್ತಿತ್ತು. ಗಾಡಿ ನಿಂತ ಮೇಲೂ ಬರಲಿಲ್ಲ. ಮರುದಿನವೂ ಬರಲಿಲ್ಲ.

ಹೆದರಿದ ಬೆಕ್ಕನ್ನು ಹೊರಗೆ ಕರೆಯುವುದು ಹೇಗೆ ಎಂಬ ವಿಷಯದಲ್ಲಿ ಇಷ್ಟೊಂದು ಜನ ಪಂಡಿತರಿದ್ದಾರೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಯಜಮಾನರು ಒಣಮೀನನ್ನು ದಾರಕ್ಕೆ ಕಟ್ಟಿ ಸಂದಿನಲ್ಲಿ ಇಳಿಬಿಟ್ಟು ಕೆರೆಯ ದಡದಲ್ಲಿ ಕೂತವರ ಹಾಗೆ ಕೂತರು. ಮೀನು ಹೇಗೆ ಹೋಯಿತೋ ಹಾಗೇ ವಾಪಸ್ ಬಂತು. ಮಗಳು ಫೋನಿನಲ್ಲಿ ಯಾವುದೋ ಹೆಣ್ಣು ಬೆಕ್ಕಿನ ಕೂಗು ಹಾಕಿದಳು. ಅದನ್ನು ಕೇಳಿ ಬೀದಿಯ ಗಂಡು ಬೆಕ್ಕುಗಳೆಲ್ಲ ನಮ್ಮ ಗೇಟಿಗೆ ಬಂದವು, ನಮ್ಮವನೊಬ್ಬನೇ ಬರಲಿಲ್ಲ. ಹಾಲು ಇಟ್ಟೆ, ಒಡೆಯಿತು. ಪಕ್ಕದ ಮನೆಯವರು ಪೊರಕೆ ಹಿಡಿಯಿಂದ ಮೆಲ್ಲಗೆ ತಿವಿಯಿರಿ ಎಂದರು. ಅವರನ್ನು ಕಾಫಿಯನ್ನೂ ಕೊಡದೆ ಕಳಿಸಿದೆ.

ಎಲ್ಲರೂ ಮಾಡುತ್ತಿದ್ದ ತಪ್ಪು ಒಂದೇ. ಸಂದಿಗೆ ಮುಖ ಒಡ್ಡಿ, ಕಣ್ಣು ಅರಳಿಸಿ, "ಬಾ ಬಾ ಬಾ" ಎನ್ನುತ್ತಿದ್ದರು. ಬಚ್ಚಿಟ್ಟುಕೊಂಡವರಿಗೆ ಇದಕ್ಕಿಂತ ಹೆದರಿಕೆಯ ವಿಷಯ ಇನ್ನೊಂದಿಲ್ಲ. ನನಗೆ ಇದು ಗೊತ್ತು, ಏಕೆಂದರೆ ನಾನೂ ಒಂದು ಕಾಲದಲ್ಲಿ ಸಂದಿನೊಳಗೆ ಇದ್ದವಳು.

ನನ್ನ ತವರು ಹೆಸರಘಟ್ಟದ ಆಚೆಯ ಒಂದು ಹಳ್ಳಿ. ನಾನು ಇನ್ನೂ ಶಾಲೆಗೆ ಸೇರುವ ಮುಂಚೆ ಊರಿಗೆ ಚುಚ್ಚುಮದ್ದಿನವರು ಬಂದಿದ್ದರು. ಜೀಪಿನ ಸದ್ದು ಕೇಳಿದ್ದೇ ನಾನು ರಾಗಿಮೂಟೆಗಳ ಹಿಂದೆ ನುಸುಳಿದೆ. ಕತ್ತಲು, ಧೂಳು, ರಾಗಿಯ ಬೆಚ್ಚಗಿನ ವಾಸನೆ. ಹೊರಗೆ ಜಾತ್ರೆ ಕೂಡಿತ್ತು. ಅಮ್ಮ ಗಾಜಿನ ಬಳೆ ಕೊಡಿಸುತ್ತೇನೆ ಎಂದಳು. ಚಿಕ್ಕಪ್ಪ ಯಶವಂತಪುರಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ರೈಲು ತೋರಿಸುತ್ತೇನೆ ಎಂದ. ಆಸೆ ಹೆಚ್ಚು ತೋರಿಸಿದಷ್ಟೂ ಸೂಜಿ ದೊಡ್ಡದಿರಬೇಕು ಎನಿಸಿ ನಾನು ಇನ್ನೂ ಒಳಗೆ ಸರಿದೆ. ಕೊನೆಗೆ ಅಜ್ಜಿ ಎಲ್ಲರನ್ನೂ ಹೊರಗೆ ಅಟ್ಟಿದಳು. ಒಂದು ಮಂಕರಿ ಅವರೆಕಾಯಿ ತಂದುಕೊಂಡು, ಮೂಟೆಗೆ ಬೆನ್ನು ಹಾಕಿ ಕೂತು ಸುಲಿಯತೊಡಗಿದಳು. ನನ್ನನ್ನು ಕರೆಯಲಿಲ್ಲ. ನನ್ನ ಹೆಸರು ಕೂಡ ಎತ್ತಲಿಲ್ಲ. ಈ ಸಲ ಕಾಯಿ ಚೆನ್ನಾಗಿ ಬಲಿತಿದೆ, ಸೊಗಡು ಇದೆ, ರಾತ್ರಿಗೆ ಹಿತಕಿದ ಬೇಳೆ ಸಾರು ಮಾಡಬಹುದು, ಹೀಗೆ ಅವರೆಕಾಯಿಯ ಜೊತೆಗೇ ಮಾತಾಡಿಕೊಂಡಿದ್ದಳು. ಸಿಪ್ಪೆ ಬಿರಿಯುವ ಸದ್ದು, ಕಾಳು ತಟ್ಟೆಗೆ ಬೀಳುವ ಸದ್ದು. ಎಷ್ಟು ಹೊತ್ತು ಕಳೆಯಿತೋ ನನಗೆ ಗೊತ್ತಿಲ್ಲ. ನೋಡಿದರೆ ನಾನು ಅಜ್ಜಿಯ ಪಕ್ಕ ಕೂತು ಕಾಯಿ ಸುಲಿಯುತ್ತಿದ್ದೆ. ಆಗಲೂ ಅವಳು ತಿರುಗಿ ನೋಡಲಿಲ್ಲ, ಒಂದು ಹಿಡಿ ಕಾಯಿಯನ್ನು ನನ್ನ ಕಡೆ ಸರಿಸಿದಳು ಅಷ್ಟೆ. ಜೀಪು ಹೊರಟುಹೋಗಿತ್ತು. ಮುಂದಿನ ಸಲ ಅವರು ಬಂದಾಗ ಅಜ್ಜಿಯ ತೊಡೆಯ ಮೇಲೆ ಕೂತು ನಾನೇ ತೋಳು ಚಾಚಿದೆ.

ಅದನ್ನೇ ನಾನೂ ಮಾಡಿದೆ. ಮನೆಯವರನ್ನೆಲ್ಲ ನಡುಮನೆಯಿಂದ ಹೊರಗೆ ಹಾಕಿದೆ, ಬೀರುವಿಗೆ ಬೆನ್ನು ಕೊಟ್ಟು ಕೂತು ಬೆಳ್ಳುಳ್ಳಿ ಬಿಡಿಸತೊಡಗಿದೆ. ಬೇಕಾದಷ್ಟು ಬೆಳ್ಳುಳ್ಳಿ ಇತ್ತು, ಮರುದಿನ ಮಹಾಲಯ ಅಮಾವಾಸ್ಯೆ. ಹಬ್ಬದ ನೆಪದಲ್ಲಿ ಬೋರ್‌ವೆಲ್ ಗಾಡಿಯೂ ಅವತ್ತು ನಿಂತಿತ್ತು. ಬಿಡಿಸುತ್ತ ಬಿಡಿಸುತ್ತ ಸೊಂಟದ ಹತ್ತಿರ ಏನೋ ತಗುಲಿದ ಹಾಗಾಯಿತು. ಒದ್ದೆ ಮೂಗು. ನಾನು ಉಸಿರು ಬಿಡದೆ ಕೂತೆ. ಇನ್ನೇನು ಸಾಹುಕಾರ ತೊಡೆ ಹತ್ತಬೇಕು, ಅಷ್ಟರಲ್ಲಿ ಭಾವ ಒಳಗೆ ಬಂದರು, ಅವರ ಜೇಬಿನಲ್ಲಿ ಫೋನು ನಾದಸ್ವರ ಡೋಲು ಎರಡನ್ನೂ ಒಟ್ಟಿಗೆ ಬಾರಿಸಿತು. ಮೂಗು ಮಾಯವಾಯಿತು.

ಭಾವ ಸುಮ್ಮನೆ ಬಂದಿರಲಿಲ್ಲ. ಮಹಾಲಯದಂದು ನಮ್ಮ ಮನೆತನದ ಹಿರಿಯರಿಗೆ ಎಡೆ ಇಡುವುದು ಈ ನಡುಮನೆಯಲ್ಲಿಯೇ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ತೀರಿಹೋದವರ ಫೋಟೋ ಮುಂದೆ ಒಬ್ಬೊಬ್ಬರಿಗೂ ಒಂದೊಂದು ಬಾಳೆಎಲೆ ಹಾಕಿ, ಅವರವರು ಇಷ್ಟಪಡುತ್ತಿದ್ದುದನ್ನು ಬಡಿಸುತ್ತೇವೆ. ಮಾವನವರಿಗೆ ಮುದ್ದೆ, ಮಟನ್ ಸಾರು, ಹುರಿದ ಮೀನು. ಅತ್ತೆಗೆ ಕಜ್ಜಾಯ, ಅಗಿಯಲು ಕಡ್ಡಿಪುಡಿ, ಲೋಟದ ತುಂಬ ಕಾಫಿ. ಪಕ್ಕದ ಮಣೆಯ ಮೇಲೆ ಹೊಸ ಪಂಚೆ, ಹೊಸ ಸೀರೆ. ಸಾಂಬ್ರಾಣಿ ಹಾಕಿ ಕೈಮುಗಿದು ಎಲ್ಲರೂ ಹೊರಗೆ ಬರಬೇಕು, ಬಾಗಿಲು ಹಾಕಿಬಿಡಬೇಕು. ಆಗ ಹಿರಿಯರು ಬಂದು ಉಣ್ಣುತ್ತಾರೆ. ತೆರೆಯುವ ಮುಂಚೆ ಬಾಗಿಲು ತಟ್ಟಬೇಕು, ಉಣ್ಣುತ್ತಿರುವವರ ಮೇಲೆ ದಡಕ್ಕನೆ ನುಗ್ಗಬಾರದಲ್ಲ. ಬಾಗಿಲು ಹಾಕಿದಾಗ ಒಳಗೆ ಒಂದು ನರಪಿಳ್ಳೆಯೂ ಇರಕೂಡದು. ಬೆಕ್ಕಂತೂ ಕೂಡದೇ ಕೂಡದು. ಹಿರಿಯರ ಎಡೆಗೆ ಬೆಕ್ಕು ಬಾಯಿ ಹಾಕಿದರೆ ಅವರು ಹಸಿದುಕೊಂಡೇ ಹೋಗುತ್ತಾರೆ ಎಂಬುದು ಭಾವನ ಮಾತು.

ನಾಳೆಯೊಳಗೆ ಬೆಕ್ಕು ಹೊರಗಿರಬೇಕು ಎಂದು ಅವರು ಹೇಳಿ ಹೋದರು. ಹೊರಗೆ ಎಂದರೆ ಮನೆಯಿಂದಲೇ ಹೊರಗೆ. ಚೀಲಕ್ಕೆ ಹಾಕಿ ಕೊಟ್ಟರೆ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಬಿಟ್ಟು ಬರುತ್ತಾರಂತೆ, ಅಲ್ಲಿ ಇಲಿಗಳಿಗೇನು ಬರವಿಲ್ಲವಂತೆ. ಚೀಲ ಸ್ವಲ್ಪ ದೊಡ್ಡದೇ ತನ್ನಿ, ನನ್ನ ತವರೂ ಅಲ್ಲೇ ಇರುವುದು, ನಾನೂ ಅದರಲ್ಲೇ ಬರುತ್ತೇನೆ ಎಂದೆ. ನನ್ನ ಮಾತಿಗೆ ಅವರು ಸೊಪ್ಪು ಹಾಕಲಿಲ್ಲ.

ಅಮಾವಾಸ್ಯೆಯ ದಿನ ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ಎಲ್ಲವನ್ನೂ ಮಾಡಿ ಮುಗಿಸಿದೆ. ಸಾಹುಕಾರ ಬೀರುವಿನ ಹಿಂದೆಯೇ ಇದ್ದ. ಮಧ್ಯಾಹ್ನದ ಹೊತ್ತಿಗೆ ಭಾವ ಬಂದರು, ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ರೇಷ್ಮೆ ಸೀರೆಯಲ್ಲಿ ಬಂದರು. ಭಾವ ತಮ್ಮ ಶರ್ಟಿನ ತೋಳು ಮಡಚಿ ಯಜಮಾನರನ್ನು ಕರೆದರು. ಇಬ್ಬರೂ ಸೇರಿ ಬೀರು ಸರಿಸುವುದು, ಬೆಕ್ಕು ಹೊರಗೆ ಹಾರುತ್ತದೆ, ಬಾಗಿಲಲ್ಲಿ ಚೀಲ ಹಿಡಿಯುವುದು, ಇದು ಅವರ ಲೆಕ್ಕ. ಬೀರು ಗೋಡೆಯ ಕಡೆ ಒಂದು ಚೂರು ವಾಲಿದರೂ ಅವನು ಅಲ್ಲೇ ಅಪ್ಪಚ್ಚಿಯಾಗುತ್ತಾನೆ. ಹಾರಿದರೆ ಸೀದಾ ಗೇಟು, ಅಲ್ಲಿಂದ ರಸ್ತೆ, ರಸ್ತೆಯಲ್ಲಿ ಜಲ್ಲಿ ಲಾರಿಗಳು. ನಮ್ಮ ಯಜಮಾನರು ಅಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು, ತಮಗೆ ಸೊಂಟ ಹಿಡಿದಿದೆ ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಇಷ್ಟು ಸಮಯಕ್ಕೆ ಸರಿಯಾಗಿ ಸೊಂಟ ಹಿಡಿಸಿಕೊಂಡದ್ದು ಅದೊಂದೇ ಸಲ.

ನಾನು ಹೋಗಿ ಬೀರುವಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ.

"ಏನಮ್ಮ ಪದ್ಮ, ಒಂದ್ ಬೆಕ್ಕಿಗೋಸ್ಕರ ಇರೀಕ್ರನ್ನ ಬಾಗ್ಲಲ್ಲಿ ನಿಲ್ಸಕ್ಕಾಯ್ತದಾ?" ಎಂದರು ಭಾವ. ಅವರಿಗೆ ಕೋಪ ಬಂದರೆ ಕಟ್ಟಡದ ಭಾಷೆ ಹೋಗಿ ಊರಿನ ಭಾಷೆ ಬರುತ್ತದೆ.

"ಹೆದರಿಸಿದ್ದು ನಿಮ್ಮ ಗಾಡಿ ಭಾವ. ಅವನಾಗೇ ಬರೋವರೆಗೂ ಬೀರು ಮುಟ್ಟೋಕೆ ನಾನು ಬಿಡಲ್ಲ. ಬಾಗಿಲು ಹಾಕ್ಕೊಳ್ಳಿ, ಅವನು ಒಳಗೇ ಇರ್ತಾನೆ."

ಮಗಳು ಫೋನು ಕೆಳಗಿಟ್ಟಳು, ಅದು ಸಣ್ಣ ಸಂಗತಿಯಲ್ಲ. ಅಕ್ಕ ಮೂಗು ಮುರಿದರು. ಭಾವ ಮಡಚಿದ ತೋಳನ್ನು ಇಳಿಸಿಕೊಂಡು, ಹಾಗಾದರೆ ಈ ವರ್ಷದಿಂದ ಎಡೆಯನ್ನು ತಮ್ಮ ಹೊಸ ಮನೆಯಲ್ಲೇ ಇಡುತ್ತೇವೆ, ಪಾತ್ರೆಗಳನ್ನು ಎತ್ತಿಸುತ್ತೇನೆ ಎಂದರು.

ಇದು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಸೊಸೆಯಾಗಿ ಬಂದ ವರ್ಷದಿಂದ ಈ ನಡುಮನೆಯ ಎಡೆ ನನ್ನದು. ಕಜ್ಜಾಯದ ಪಾಕ ಕೆಟ್ಟಾಗ ಅತ್ತೆಯಿಂದ ಬೈಸಿಕೊಂಡವಳು ನಾನು, ಅದೇ ಅತ್ತೆಯ ಎಲೆಗೆ ಈಗ ಕಜ್ಜಾಯ ಬಡಿಸುವವಳೂ ನಾನು. ಎಡೆ ಹೋದರೆ ಇದು ಬರೀ ಹಳೆಯ ಕೋಣೆಯಾಗುತ್ತದೆ, ನಾನು ಅದರ ಕಸ ಗುಡಿಸುವವಳಾಗುತ್ತೇನೆ. ಎದ್ದುಬಿಡಲೇ ಎಂದು ಒಂದು ಕೈಯನ್ನು ನೆಲಕ್ಕೆ ಊರಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಿಂದೆ ಗೋಣಿಚೀಲ ಸರಕ್ ಎಂದಿತು, ಅವನು ಇನ್ನೂ ಒಳಗೆ ಸರಿಯುತ್ತಿದ್ದ.

"ಇಡಿ ಭಾವ, ಎಲ್ಲಿ ಬೇಕಾದ್ರೂ ಇಡಿ," ಎಂದೆ. "ಆದ್ರೆ ಹಿರಿಯರಿಗೆ ದಾರಿ ಗೊತ್ತಿರೋದು ಈ ಬಾಗಿಲಿಗೆ. ನಿಮ್ಮ ಮನೆ ಇರೋದು ನಾಕನೇ ಫ್ಲೋರು. ಅತ್ತೆ ಬದುಕಿದ್ದಾಗ್ಲೇ ನಿಮ್ಮ ಲಿಫ್ಟ್ ಹತ್ತಲಿಲ್ಲ, ಈಗ ಹತ್ತುತಾರಾ?"

ಅತ್ತೆ ನಿಜವಾಗಿಯೂ ಹತ್ತಿರಲಿಲ್ಲ. ಗೃಹಪ್ರವೇಶದ ದಿನ ಲಿಫ್ಟಿನ ಬಾಗಿಲು ಮುಚ್ಚಿದ್ದನ್ನು ಕಂಡು, ಬೀರುವಿನೊಳಗೆ ನನ್ನನ್ನು ಯಾಕೆ ಹಾಕುತ್ತೀರಿ ಎಂದು ಕೂಗಿಕೊಂಡು ಹೊರಗೆ ಬಂದಿದ್ದರು. ಭಾವ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಹೊತ್ತೊಯ್ದಿದ್ದರು. ಅಮ್ಮನನ್ನು ಹೊತ್ತ ಭುಜ ಅದು. ಭಾವನ ಮುಖ ಇಳಿಯಿತು. ನಾನು ಹೇಳಬಾರದ್ದನ್ನು ಹೇಳಿದೆನೇನೋ ಎನಿಸಿತು, ಆದರೂ ಕದಲಲಿಲ್ಲ.

"ಎಡೆಗೆ ಬಾಯಿ ಆಕ್ತು ಅಂದ್ರೆ ಬೆಕ್ಕು ಈ ಮನೇಲಿರಲ್ಲ, ಮುಂದ್ಲೊರ್ಸದಿಂದ ಎಡೇನೂ ಇರಲ್ಲ," ಎಂದರು ಮೆತ್ತಗೆ.

ಆಗಲಿ ಎಂದೆ. ಎದ್ದು ಎಲೆ ಹಾಕಿ ಬಡಿಸಿದೆ. ಎಲೆಹಸಿರು ಸೀರೆ, ಕೆಂಪು ಅಂಚು, ಅತ್ತೆಗೆಂದು ಅಕ್ಕನೇ ಮಲ್ಲೇಶ್ವರದಿಂದ ಆರಿಸಿ ತಂದದ್ದು, ಮಣೆಯ ಮೇಲೆ ಇಟ್ಟೆ. ಎಡೆ ಆದ ಮೇಲೆ ಆ ಸೀರೆ ಹಿರಿಯ ಸೊಸೆಗೆ ಸೇರಬೇಕು, ಅದು ಪದ್ಧತಿ. ಅಕ್ಕ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಆರಿಸಿದ್ದರು ಎಂದು ನಾನು ಹೇಳುವುದಿಲ್ಲ, ಬಣ್ಣ ಮಾತ್ರ ಅವರಿಗೆ ಚೆನ್ನಾಗಿ ಒಪ್ಪುತ್ತಿತ್ತು. ಸಾಂಬ್ರಾಣಿ ಹಾಕಿದೆವು. ಹುರಿದ ಮೀನಿನ ಘಮ ಕೋಣೆಯಲ್ಲಿ ತುಂಬಿತ್ತು. ಹೆಸರಘಟ್ಟದ ಕಡೆಯಿಂದ ಮಾವ ಸೈಕಲ್ಲಿಗೆ ಕಟ್ಟಿಕೊಂಡು ತರುತ್ತಿದ್ದ ಕೆರೆಮೀನಿನ ಜಾತಿಯದೇ. ಬೇಕೆಂದೇ ತಂದದ್ದಲ್ಲ, ಪ್ರತಿ ವರ್ಷವೂ ಅದೇ. ಹೊರಗೆ ಬಂದೆವು, ಭಾವ ಬಾಗಿಲು ಎಳೆದುಕೊಂಡರು.

ಜಗುಲಿಯಲ್ಲಿ ಕೂತು ಕಾಯುವಾಗ ನನಗೆ ಒಂದು ವಿಷಯ ಹೊಳೆಯಿತು, ಹೊಳೆದು ನಗುವೂ ಬಂತು. ಅಷ್ಟು ದಿನದಿಂದ ನಾವು ಆ ಬೆಕ್ಕಿಗೆ ಮಾಡಬೇಕಾಗಿದ್ದುದು ಇದನ್ನೇ ಅಲ್ಲವೇ? ಇಷ್ಟವಾದದ್ದನ್ನು ಬಡಿಸಿ, ಕರೆಯದೆ, ಎದುರು ನಿಂತು ನೋಡದೆ, ಬಾಗಿಲು ಹಾಕಿಕೊಂಡು ಹೊರಗೆ ಬಂದುಬಿಡುವುದು. ಹಿರಿಯರ ನಾಚಿಕೆ ನಮಗೆ ಗೊತ್ತು. ಅವರು ಸಂಕೋಚಪಟ್ಟಾರು ಎಂದು ಬಾಗಿಲು ತಟ್ಟುವ ಜನ ನಾವು, ಬದುಕಿರುವ ಒಂದು ಜೀವಕ್ಕೆ ಪೊರಕೆ ಹಿಡಿಯುತ್ತೇವೆ. ಇದನ್ನು ಜೋರಾಗಿ ಹೇಳಬೇಕೆಂದು ಬಾಯಿ ತೆರೆದೆ. ಭಾವನ ಮುಖ ನೋಡಿ ಮುಚ್ಚಿದೆ. ನಾನೂ ಬಾಯಿ ಮುಚ್ಚುವುದುಂಟು, ಬರೆದಿಟ್ಟುಕೊಳ್ಳಿ. ಹೊಳೆದದ್ದರ ಹಿಂದೆಯೇ ಭಯವೂ ಬಂತು. ಬಡಿಸಿ ಬಾಗಿಲು ಹಾಕಿದ್ದೇವೆ, ಅವನು ಖಂಡಿತ ಬರುತ್ತಾನೆ. ಬಂದರೆ ಉಣ್ಣುತ್ತಾನೆ. ಉಂಡರೆ ನಾನು ಸೋತೆ.

ಹೊತ್ತಾಯಿತು. ಭಾವ ಎದ್ದು ಬಾಗಿಲು ತಟ್ಟಿದರು, ಕೆಮ್ಮಿದರು, ಮೆಲ್ಲಗೆ ತಳ್ಳಿದರು.

ಸಾಹುಕಾರ ಅತ್ತೆಯ ಫೋಟೋ ಮುಂದೆ, ಮಣೆಯ ಮೇಲೆ, ಆ ಹೊಸ ಸೀರೆಯ ಮಡಿಕೆಯಲ್ಲಿ ಮೈ ಸುತ್ತಿಕೊಂಡು ಮಲಗಿದ್ದ. ನಡುಕ ಇರಲಿಲ್ಲ. ನಮ್ಮೆಲ್ಲರನ್ನೂ ಒಂದು ಸಲ ನೋಡಿ ಮತ್ತೆ ಕಣ್ಣು ಮುಚ್ಚಿದ. ಎಲೆಗಳ ಮೇಲೆ ಮುದ್ದೆ, ಸಾರು, ಕಜ್ಜಾಯ ಎಲ್ಲ ಇಟ್ಟ ಹಾಗೆಯೇ ಇತ್ತು. ಮಾವನವರ ಎಲೆಯಲ್ಲಿ ಮಾತ್ರ ಮೀನು ಇದ್ದ ಜಾಗದಲ್ಲಿ ಮುಳ್ಳು ಇತ್ತು.

ಅಕ್ಕ ಬಾಯಿಗೆ ಸೆರಗು ಹಿಡಿದರು. ಯಜಮಾನರು ನನ್ನ ಹತ್ತಿರ ಬಂದು ನಿಂತರು. ಸೋತೆ ಎಂದು ಗೊತ್ತಾಗಿ ನನಗೆ ಕಣ್ಣು ತುಂಬಿತು, ಆದರೆ ತಲೆ ತಗ್ಗಿಸಬಾರದೆಂದು ಅಲ್ಲೇ ನಿಂತೆ. ಚೀಲ ತಂದರೆ ಬಾಗಿಲಿಗೆ ಅಡ್ಡ ನಿಲ್ಲುವುದೆಂದು ತೀರ್ಮಾನಿಸಿಬಿಟ್ಟಿದ್ದೆ.

ಭಾವ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮುಳ್ಳನ್ನು ನೋಡಿದರು. ಬೆಕ್ಕನ್ನು ನೋಡಿದರು. ಸೀರೆಯ ಅಂಚನ್ನು ಹಿಡಿದು ಒಂದು ಚೂರು ಎಳೆದರು, ಅತ್ತೆ ಎಳೆಯುತ್ತಿದ್ದ ಹಾಗೆಯೇ. ಸಾಹುಕಾರ ಏಳಲಿಲ್ಲ, ಸೀರೆಯ ಜೊತೆಗೇ ಜಾರಿ ಬಂದ. ಭಾವ ಕೈ ಬಿಟ್ಟರು. ಅವರ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು.

"ಅಪ್ಪ ಯಾವಾಗ್ಲೂ ಮೊದ್ಲು ಮೀನಿಗೇ ಕೈ ಆಕ್ತಿದ್ದ," ಎಂದರು. "ಬಂದವ್ರೆ. ಎಲ್ರೂ ಕೈ ಮುಗೀರಿ."

ಎಲ್ಲರೂ ಕೈ ಮುಗಿದೆವು. ಮುಗಿದ ಕೈಗಳ ಎದುರಿಗೆ ನೇರವಾಗಿ ಸಾಹುಕಾರ ಇದ್ದ, ಅವನು ಅದನ್ನು ತನಗೇ ಎಂದುಕೊಂಡಿರಬೇಕು. ಬೆಕ್ಕು ಮಲಗಿದ ಸೀರೆ ತಮಗೆ ಬೇಡ ಎಂದರು ಅಕ್ಕ. ಕೊಡಿ ಇಲ್ಲಿ, ಎಂದೆ.

ಅಮಾವಾಸ್ಯೆ ಕಳೆದು ಬೋರ್‌ವೆಲ್ ಗಾಡಿ ಮತ್ತೆ ಶುರುವಾಗುವ ದಿನ ಬೆಳಿಗ್ಗೆ ಯಾರೋ ನಮ್ಮ ಗೇಟು ತಟ್ಟಿ ಕೆಮ್ಮಿದರು. ನೋಡಿದರೆ ಭಾವ. ಒಳಗೆ ಬರಲಿಲ್ಲ, ಕಾಫಿಯೂ ಬೇಡವೆಂದರು. ಚಪ್ಪಲಿಯ ಕೆಸರನ್ನು ನಮ್ಮ ಮೆಟ್ಟಿಲಿಗೆ ಒರೆಸುತ್ತ, ಎತ್ತಲೋ ನೋಡುತ್ತ ಹೇಳಿದರು.

"ಗಾಡಿ ಸ್ಟಾರ್ಟ್ ಮಾಡ್ತಾವ್ರೆ. ನಿನ್ ಸಾವ್ಕಾರಂಗೆ ತಿಳಿಸ್ಬುಡಮ್ಮ."

ಇವತ್ತಿಗೂ ಆ ಸೈಟಿನಲ್ಲಿ ಏನೇ ಸದ್ದು ಶುರುವಾಗುವ ಮುಂಚೆ ಅವರು ಬಂದು ಗೇಟು ತಟ್ಟುತ್ತಾರೆ. ನಾನು ಹಸಿರು ಸೀರೆ ಉಟ್ಟುಕೊಂಡು, ಬಿಡಿಸಲು ಒಂದು ತಟ್ಟೆ ಬೆಳ್ಳುಳ್ಳಿ ಹಿಡಿದುಕೊಂಡು, ಬೀರುವಿಗೆ ಬೆನ್ನು ಹಾಕಿ ಕೂರುತ್ತೇನೆ.